ಮುತ್ಯಾ ಕೇಳಿದ ಒಂದು ಚಿಟಿಕೆ

ನನ್ನ ರಕ್ತದೊತ್ತಡದ ಗುಳಿಗೆಗಳು ಒಂದು ಚಂಚಿಯಲ್ಲಿರುತ್ತವೆ. ಚಂಚಿ ಎಂದರೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಖಾನೆ ಇರುವ, ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುವ ಬಟ್ಟೆಯ ಚೀಲ. ನಿಮ್ಮ ಅಜ್ಜನ ಸೊಂಟದಲ್ಲೂ ಒಂದು ಇದ್ದಿರಬೇಕು, ನೆನಪು ಮಾಡಿಕೊಳ್ಳಿ. ನನ್ನದು ಕೆಂಪು ಖಣದ ಬಟ್ಟೆಯದು, ಅಂಚಿಗೆ ಹಸಿರು ದಾರದ ಹೊಲಿಗೆ. ಬೆಳಗಿನ ಗುಳಿಗೆ ಎಲೆಯ ಖಾನೆಯಲ್ಲಿ, ಸಂಜೆಯದು ಅಡಿಕೆಯ ಖಾನೆಯಲ್ಲಿ, ಮೊಣಕಾಲು ನೋವಿನದು ಸುಣ್ಣದ ಖಾನೆಯಲ್ಲಿ. ತಂಬಾಕಿನ ಖಾನೆಯನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.

ಮೊನ್ನೆ ಔಷಧಿ ಅಂಗಡಿಯಲ್ಲಿ ಚಂಚಿಯ ದಾರ ಸಡಿಲಿಸಿ ಹಳೆಯ ಗುಳಿಗೆಯ ಹಾಳೆ ತೋರಿಸಿದೆ. ಅಂಗಡಿಯ ತರುಣ ಮೂಗು ಮುಂದೆ ಮಾಡಿ, ಅಮ್ಮಾರು ತಂಬಾಕು ತಿನ್ನುತ್ತಾರೇನು ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ಹುಡುಗರ ಕಿಸೆ ತಡಕಿ ಗುಟಕಾ ಚೀಟಿ ಹೊರಗೆಳೆದು ಕಿವಿ ಹಿಂಡಿದವಳಿಗೆ ಈ ಪ್ರಶ್ನೆ! ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಚಂಚಿಯನ್ನು ನಾನೇ ನಾಲ್ಕಾರು ಸಲ ಒಗೆದಿದ್ದೇನೆ. ಸಾಬೂನಿಗೆ ಬಣ್ಣ ಹೋಗಿದೆ, ವಾಸನೆ ಹೋಗಿಲ್ಲ. ಮನೆಗೆ ಬಂದು ಮಂಚದ ಮೇಲೆ ಕೂತು ಇನ್ನೊಮ್ಮೆ ಮೂಸಿ ನೋಡಿದೆ. ಮುತ್ಯಾ ಬಂದು ಪಕ್ಕದಲ್ಲಿ ಕೂತ ಹಾಗಾಯಿತು.

ಮುತ್ಯಾ ಎಂದರೆ ನನ್ನ ತಂದೆಯ ತಂದೆ, ಗುರುಪಾದಪ್ಪ. ನಮ್ಮೂರು ಆಲಮೇಲದಿಂದ ಸಿಂದಗಿಗೆ ಹೋಗುವ ದಾರಿಯ ಬದಿಗಿತ್ತು. ಬಸ್ಸು ನಿಲ್ಲುವುದು ಡ್ರೈವರನ ಮರ್ಜಿ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಹೈಸ್ಕೂಲಿನಲ್ಲಿ ಹುಡುಗಿಯರು ನಾವು ಐದೇ ಜನ, ಐವರೂ ಒಂದೇ ಬೆಂಚು.

ನಮ್ಮ ಕಡೆ ಆಗ ತಂಬಾಕು ಕೇಳುವುದಕ್ಕೆ ಗುರುತು ಪರಿಚಯ ಬೇಕಿರಲಿಲ್ಲ. ಬಸ್ಸಿನಲ್ಲಿ ಕೂತವನು ಪಕ್ಕದವನ ಮುಖ ನೋಡದೆ ಅಂಗೈ ಚಾಚುತ್ತಿದ್ದ, ಪಕ್ಕದವನು ಇವನ ಮುಖ ನೋಡದೆ ಒಂದು ಚಿಟಿಕೆ ಹಾಕುತ್ತಿದ್ದ. ಯಾವೂರು, ಯಾರ ಪೈಕಿ ಎಂಬುದೆಲ್ಲ ಬಾಯಿ ತುಂಬಿದ ಮೇಲಿನ ಮಾತು. ನಮ್ಮ ಕಾಕಾ ಝಳಕಿಗೆ ಹೆಣ್ಣು ನೋಡಲು ಹೋಗುವಾಗ ಬಸ್ಸಿನಲ್ಲಿ ಒಬ್ಬ ಹಿರಿಯರ ಹತ್ತಿರ ಮೂರು ಸಲ ತಂಬಾಕು ಇಸಿದುಕೊಂಡಿದ್ದ. ಇಳಿದು ಹೆಣ್ಣಿನ ಮನೆ ಹೊಕ್ಕರೆ ಜಮಖಾನೆಯ ಮೇಲೆ ಅದೇ ಹಿರಿಯರು ಕೂತಿದ್ದರು. ಹುಡುಗನಿಗೆ ಒಂದು ಚಟ ಇಲ್ಲ ಎಂದು ನಡುವಿನವರು ಅದೇ ಹೊತ್ತಿಗೆ ಹೇಳುತ್ತಿದ್ದರಂತೆ. ಲಗ್ನವೇನೋ ಆಯಿತು. ಆದರೆ ಕಾಕಾ ಆಮೇಲೆ ಮಾವನ ಎದುರು ಎಂದೂ ಬಾಯಿ ತುಂಬ ಮಾತಾಡಲಿಲ್ಲ.

ಕೇಳಿದವನಿಗೆ ಇಲ್ಲ ಎನ್ನುವ ರಿವಾಜೇ ಇರಲಿಲ್ಲ. ಜಗಳವಾಡಿ ಮಾತು ಬಿಟ್ಟವರು ಮಾತ್ರ ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ. ಅಂಥವರಲ್ಲಿ ಒಬ್ಬ ಇನ್ನೊಬ್ಬನ ಹತ್ತಿರ ತಂಬಾಕು ಕೇಳಿದನೆಂದರೆ, ನಾನು ಸೋತೆ, ಜಗಳ ಮುಗಿಯಿತು ಎಂದು ಅರ್ಥ. ಆಮೇಲೆ ಇಬ್ಬರೂ ಎದುರುಬದುರು ಕೂತು ಒಂದೇ ಅಂಗೈಯಲ್ಲಿ ತಿಕ್ಕಿದ ತಂಬಾಕನ್ನು ಹಂಚಿಕೊಂಡು ಬಾಯಿಗೆ ಹಾಕಬೇಕು. ಪಂಚರ ತೀರ್ಪು ಮುರಿದವರಿದ್ದರು, ಇದನ್ನು ಮುರಿದವರಿರಲಿಲ್ಲ. ಆದರೆ ಇದು ಗಂಡಸರು ಕಟ್ಟೆಯ ಮೇಲೆ ಮಾಡಿಕೊಂಡ ಕಾಯಿದೆ. ಪರಕಾರ-ಪೋಲಕಾ ತೊಟ್ಟು ಸಾಲೆಗೆ ಹೋಗುವ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮುತ್ಯಾ ಕೊಡುವವರ ಪೈಕಿ, ಕೇಳುವವರ ಪೈಕಿ ಅಲ್ಲ. ಅವನ ಚಂಚಿಗೆ ಊರೆಲ್ಲ ಕೈ ಹಾಕುತ್ತಿತ್ತು. ಅವನ ಕೈ ಮಾತ್ರ ಯಾರ ಮುಂದೆಯೂ ಚಾಚಿದ್ದಿಲ್ಲ. ತಂಬಾಕಿರಲಿ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಅಷ್ಟೇ. ತಟ್ಟೆಯ ರೊಟ್ಟಿ ಮುಗಿದರೆ ಸುಮ್ಮನೆ ಕೂರುತ್ತಿದ್ದ. ಆಯಿ, ಅಂದರೆ ನನ್ನ ಅಜ್ಜಿ, ತಾನಾಗಿ ನೋಡಿ ಹಾಕಬೇಕು. ಆಕೆ ನೋಡದಿದ್ದರೆ ಕೈ ತೊಳೆದು ಎದ್ದುಬಿಡುತ್ತಿದ್ದ. ಲಗ್ನವಾದಾಗಿನಿಂದ ಒಂದು ತಂಬಿಗೆ ನೀರನ್ನೂ ಬಾಯಿ ಬಿಟ್ಟು ಕೇಳಿದವನಲ್ಲ ಎಂದು ಆಯಿ ಬಂದವರೆದುರು ದೂರುತ್ತಿದ್ದಳು. ದೂರೋ ಹೆಮ್ಮೆಯೋ ತಿಳಿಯುತ್ತಿರಲಿಲ್ಲ.

ಆ ವರ್ಷ ಮುತ್ಯಾನ ಬಾಯಿ ಉರಿಯತೊಡಗಿತು. ಮೊದಲು ಹೇಳಲಿಲ್ಲ, ಹೇಳುವುದೂ ಕೇಳಿದಂತೆಯೇ ಎಂದು ಅವನ ಲೆಕ್ಕ. ಖಾರ ತಿಂದಾಗ ಕಣ್ಣು ಮುಚ್ಚಿ ಕೂರುವುದನ್ನು ಆಯಿ ನೋಡಿದಳು. ಅಪ್ಪ ಸಿಂದಗಿಯ ದವಾಖಾನೆಗೆ ಕರೆದುಕೊಂಡು ಹೋದ. ತಿರುಗಿ ಬಂದ ಅಪ್ಪ ಅಡುಗೆಮನೆಯಲ್ಲಿ ಆಯಿಗೆ ಹೇಳುತ್ತಿದ್ದುದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಗಲ್ಲದ ಒಳಗೆ ಬಿಳಿಯ ಕಲೆಯಾಗಿದೆ, ತಂಬಾಕು ಬಿಟ್ಟರೆ ಹೋದೀತು, ಬಿಡದಿದ್ದರೆ ಕೆಟ್ಟ ಹುಣ್ಣಾಗುತ್ತದೆ, ಆಮೇಲೆ ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಮುತ್ಯಾ ದವಾಖಾನೆಯ ಮೆಟ್ಟಿಲಿಳಿಯುವಾಗಲೇ ಒಂದು ಚಿಟಿಕೆ ಹಾಕಿಕೊಂಡನಂತೆ. ಮುತ್ಯಾ ಇಲ್ಲದ ಪಡಸಾಲೆಯನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂಕಟವಿತ್ತು. ಈ ವಯಸ್ಸಿನಲ್ಲಿ ಮುಚ್ಚಿಡುವುದೇನು? ಮುತ್ಯಾ ಖಾರ ತಿನ್ನುವ ಹಾಗಿಲ್ಲವೆಂದು ಆಯಿ ಮನೆಯಲ್ಲಿ ಖಾರವನ್ನೇ ನಿಲ್ಲಿಸಿದಳು. ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಯ ಚಟ್ನಿಪುಡಿ, ಕುಟ್ಟುವ ಒರಳು ಬೋರಲು ಬಿತ್ತು. ಕಡಕ್ ರೊಟ್ಟಿ ಹಾಲಿನಲ್ಲಿ ನೆನೆಯತೊಡಗಿತು. ನಮ್ಮಂಥ ಊರಿನಲ್ಲಿ ಹಿಂಡಿಯಿಲ್ಲದೆ ರೊಟ್ಟಿ ತಿನ್ನುವುದೆಂದರೇನು ಎಂದು ತಿಂದವರಿಗೇ ಗೊತ್ತು. ನಾನು ಸಾಲೆಯಲ್ಲಿ ಗೆಳೆಯ ರಜಾಕನ ಡಬ್ಬಿಗೆ ಕೈ ಹಾಕಿ ಅವನ ಹಿಂಡಿ ತಿಂದು ಜೀವ ಹಿಡಿದಿದ್ದೆ. ಹೀಗಾಗಿ ಮುಂದೆ ನಾನು ನಡೆಸಿದ ಹೋರಾಟದಲ್ಲಿ ಮುತ್ಯಾನ ಮೇಲಿನ ಪ್ರೀತಿ ಮುಕ್ಕಾಲು ಪಾಲು, ಹಿಂಡಿಯ ಮೇಲಿನ ಆಸೆ ಕಾಲು ಪಾಲು ಎಂದು ಬರೆದುಕೊಳ್ಳಿ.

ಅಷ್ಟರಲ್ಲಿ ನಮ್ಮ ವಿಜ್ಞಾನದ ದೇಶಪಾಂಡೆ ಮಾಸ್ತರರು ಬಿಜಾಪುರದಲ್ಲಿ ಏನೋ ತರಬೇತಿ ಮುಗಿಸಿ, ಒಂದು ನಕಾಶೆಯ ಸುರುಳಿಯನ್ನು ಬಗಲಲ್ಲಿ ಹಿಡಿದುಕೊಂಡು ಬಂದರು. ಬಿಡಿಸಿದರೆ ಒಂದು ಕಡೆ ಕರೀ ಶ್ವಾಸಕೋಶ, ಇನ್ನೊಂದು ಕಡೆ ಹುಣ್ಣಾದ ಬಾಯಿ. ಊರಿನ ಮಂದಿ ಮಾಸ್ತರರ ಮಾತು ಕೇಳುವುದಿಲ್ಲ, ಮಕ್ಕಳ ಮಾತು ಕೇಳಬಹುದು, ಆದ್ದರಿಂದ ತಂಬಾಕು ಬಿಡಿಸುವ ಸಂಘವನ್ನು ವಿದ್ಯಾರ್ಥಿಗಳೇ ನಡೆಸಬೇಕೆಂದು ಸಾರಿದರು. ಸಾರುವಾಗ ಅವರ ಎಡಗೈಯಲ್ಲಿ ತಪಕೀರಿನ ಡಬ್ಬಿಯಿತ್ತು. ರಜಾಕ ಎದ್ದು ನಿಂತು, ಮೂಗಿಗೇರಿಸುವ ತಪಕೀರೂ ತಂಬಾಕೇ ಅಲ್ಲವೇನ್ರಿ ಸರ ಎಂದ. ಮಾಸ್ತರರು ನಕಾಶೆ ತೋರಿಸಿ, ಇದರಲ್ಲಿ ಮೂಗು ಎಲ್ಲಿದೆ ಎಂದು ಕೇಳಿದರು. ಮೂಗು ಇರಲಿಲ್ಲ. ರಜಾಕ ಕೂತ.

ಅಕ್ಷರ ಗುಂಡಗಿವೆ ಎಂಬ ಒಂದೇ ಕಾರಣಕ್ಕೆ ನಾನು ಸಂಘದ ಕಾರ್ಯದರ್ಶಿಯಾದೆ. ಪ್ರತಿಯೊಬ್ಬ ಸದಸ್ಯನೂ ವರ್ಷ ಮುಗಿಯುವುದರೊಳಗೆ ಒಬ್ಬರಿಗಾದರೂ ತಂಬಾಕು ಬಿಡಿಸಬೇಕು; ಯಾರಿಗೆ ಎಂಬುದನ್ನು ಚೀಟಿಯಲ್ಲಿ ಬರೆದು, ಮಡಚಿ, ಸೀಮೆಸುಣ್ಣದ ಡಬ್ಬಿಯಲ್ಲಿ ಹಾಕಬೇಕು. ಪರೀಕ್ಷೆಗೆ ಮೊದಲು ಮಾಸ್ತರರು ಒಡೆದು ಓದುವರು. ನಾನು ಮುತ್ಯಾನ ಹೆಸರು ಬರೆದೆ. ರಜಾಕ ತನ್ನ ಚೀಟಿಯನ್ನು ಯಾರಿಗೂ ತೋರಿಸಲಿಲ್ಲ.

ಮೊದಲು ಮೆರವಣಿಗೆ ತೆಗೆದೆವು. ಘೋಷಣೆಗಳನ್ನು ಮಾಸ್ತರರೇ ಬರೆದುಕೊಟ್ಟಿದ್ದರು. ಅವು ಎಷ್ಟು ಸಂಸ್ಕೃತಮಯವಾಗಿದ್ದವೆಂದರೆ ಕೂಗುವ ನಮಗೇ ಅರ್ಥ ಗೊತ್ತಿರಲಿಲ್ಲ. ಕಟ್ಟೆಯ ಹಿರಿಯರೊಬ್ಬರು ಕೈಮುಗಿದು, ಇದು ಯಾವ ದೇವರ ಭಜನೆ ಎಂದು ವಿಚಾರಿಸಿದರು. ಮಾಸ್ತರರು ಅಲ್ಲೇ ನಿಂತು ಅರ್ಧ ತಾಸು ಭಾಷಣ ಮಾಡಿದರು. ಹಿರಿಯರು ತಲೆದೂಗಿ ಕೇಳಿ, ಛಲೋ ಹೇಳಿದಿರಿ, ದಣಿದಿದ್ದೀರಿ ಎಂದು ಚಿಟಿಕೆ ತಪಕೀರು ಮುಂದೆ ಮಾಡಿದರು. ಮಾಸ್ತರರ ಕೈ ತಾನಾಗಿಯೇ ಹೋಗಿ ತೆಗೆದುಕೊಂಡಿತು. ಅವರು ಸೀನುವುದರೊಂದಿಗೆ ಮೆರವಣಿಗೆ ಮುಗಿಯಿತು.

ಆಗ ರಜಾಕ ಒಂದು ಉಪಾಯ ಹೇಳಿದ. ಕೇಳಿದರೆ ಇಲ್ಲ ಎನ್ನುವ ರಿವಾಜು ಊರಿನಲ್ಲಿಲ್ಲ. ಹಾಗಿದ್ದರೆ ನಾವೇ ಹೋಗಿ ಕೇಳೋಣ. ಎಲ್ಲರ ಚಂಚಿ, ಎಲ್ಲರ ಡಬ್ಬಿ ಖಾಲಿಯಾಗುವವರೆಗೆ ಕೇಳೋಣ.

"ಇದ್ದದ್ದೆಲ್ಲಾ ನಾವ ಇಸ್ಕೊಂಡ ಮ್ಯಾಲ ಅವರು ತಿನ್ನೂದು ಏನ?" ಎಂದು ಅವನು ಕೇಳಿದ. ನಾವೆಲ್ಲ ಒಪ್ಪಿದೆವು. ಲೆಕ್ಕದಲ್ಲಿ ಅವನಿಗೆ ನೂರಕ್ಕೆ ತೊಂಬತ್ತು ಬೀಳುತ್ತಿದ್ದವು.

ಹುಡುಗರು ತಮಗೆಂದು ಕೇಳಿದರೆ ಕಪಾಳಕ್ಕೆ ಬೀಳುತ್ತದೆ. ಆದ್ದರಿಂದ ಒಬ್ಬೊಬ್ಬರು ತಮ್ಮ ಮನೆಯ ಹಿರಿಯರ ಹೆಸರು ಹೇಳುವುದೆಂದು ಗೊತ್ತಾಯಿತು. ನಾನು ಓಣಿಯ ಮನೆಗಳನ್ನೆಲ್ಲ ವಹಿಯಲ್ಲಿ ಸಾಲಾಗಿ ಬರೆದುಕೊಂಡು, ಬಾಗಿಲಲ್ಲಿ ನಿಂತು, "ನಮ್ಮ ಮುತ್ಯಾ ಕೇಳ್ಯಾನ್ರಿ, ಒಂದ್ ಚಿಟಿಕಿ ತಂಬಾಕ" ಎನ್ನುತ್ತಿದ್ದೆ. ಅದರ ಪರಿಣಾಮ ನಾನೂ ಎಣಿಸಿರಲಿಲ್ಲ. ಎಂದೂ ಕೈ ಚಾಚದ ಗುರುಪಾದಪ್ಪ ತಮ್ಮ ಮನೆಗೆ ಹೇಳಿಕಳಿಸಿದ್ದಾನೆಂದರೆ! ಚಿಟಿಕೆ ಕೇಳಿದಲ್ಲಿ ಮುಷ್ಟಿ ಕೊಟ್ಟರು, ಮುಷ್ಟಿಯಲ್ಲಿ ಮುಗಿಯದವರು ಎಲೆಯ ಕಟ್ಟನ್ನೇ ಕೊಟ್ಟರು. ಒಬ್ಬಾಕೆ ಹಲ್ಲು ತಿಕ್ಕಲು ತಾನು ಸುಟ್ಟು ಪುಡಿ ಮಾಡಿಕೊಂಡಿದ್ದ ತಂಬಾಕನ್ನೂ ಪೊಟ್ಟಣ ಕಟ್ಟಿ, ನಿಮ್ಮ ಆಯಿಗೂ ಇರಲಿ ಎಂದಳು. ಎಂಟೇ ದಿನಗಳಲ್ಲಿ ಸಾಲೆಯ ವಿಜ್ಞಾನದ ಕಪಾಟಿನಲ್ಲಿ, ಬಾಟಲಿಯೊಳಗಿನ ಕಪ್ಪೆಯ ಸುತ್ತ, ತಂಬಾಕು ಕುತ್ತಿಗೆಯವರೆಗೆ ತುಂಬಿತು.

ನಮ್ಮ ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಚಂಚಿ ಖಾಲಿಯಾದವರು ನೇರ ಅಂಗಡಿಗೆ ಹೋದರು. ಊರಿನ ಅಂಗಡಿಕಾರ ನಿಪ್ಪಾಣಿಯಿಂದ ಇನ್ನೊಂದು ಚೀಲ ತರಿಸಿದ. ಸಂಘ ಹುಟ್ಟಿದ ಮೇಲೆ ತನ್ನ ವ್ಯಾಪಾರ ಬರಕತ್ತಾಗಿದೆ ಎಂದು ಅವನು ನಮಗೆಲ್ಲ ಪೇಪರಮಿಂಟು ಕೊಟ್ಟ. ನಾವು ತಿಂದೆವು.

ಇತ್ತ ಊರಿನಲ್ಲಿ ಗುಸುಗುಸು ಎದ್ದಿತು. ಪಾಪ, ಮಗ ತಂಬಾಕಿಗೂ ಗತಿ ಮಾಡಿಲ್ಲ, ಮುದುಕ ಮೊಮ್ಮಗಳನ್ನು ಮನೆಮನೆಗೆ ಅಟ್ಟುತ್ತಿದ್ದಾನೆ ಎಂದು. ಇದು ಮುತ್ಯಾನನ್ನು ಬಿಟ್ಟು ಎಲ್ಲರ ಕಿವಿಗೂ ಬಿದ್ದಿತ್ತು. ನನ್ನ ಕಿವಿಗೂ ಬಿದ್ದಿತ್ತು. ಆದರೆ ನನ್ನ ಗಮನವೆಲ್ಲ ವಹಿಯ ಮೇಲಿತ್ತು. ಎಲ್ಲ ಮನೆಗಳ ಎದುರಿಗೂ ಸರಿಗುರುತು ಬಿದ್ದು, ಒಂದೇ ಮನೆ ಖಾಲಿ ಉಳಿದಿತ್ತು. ತುಂಬದ ಖಾನೆ ಕಂಡರೆ ನನಗೆ ಅಂದಿನಿಂದಲೂ ಆಗದು. ಹಾಜರಿ ಪುಸ್ತಕದ ಮುಂದೆ ಮೂವತ್ತು ವರ್ಷ ಕೂತದ್ದು ಅದೇ ಸ್ವಭಾವದಿಂದಲೇ ಇರಬೇಕು.

ಆ ಮನೆ ಬಸಲಿಂಗಪ್ಪನದು. ಅವನ ಹೊಲ, ನಮ್ಮ ಹೊಲ ಒಂದೇ ಬದುವಿನ ಆಚೆ ಈಚೆ. ಬದುವಿನ ಮೇಲೆ ಒಂದು ಬೇವಿನ ಗಿಡ. ಗಿಡ ಯಾರದು ಎಂಬ ಮಾತಿಗೆ ಮುತ್ಯಾನಿಗೂ ಅವನಿಗೂ ಮಾತು ನಿಂತು ಹನ್ನೆರಡು ವರ್ಷವಾಗಿತ್ತು. ಇಷ್ಟು ನನಗೆ ಗೊತ್ತಿತ್ತು. ಆದರೆ ಸಂಘದ ಕೆಲಸಕ್ಕೂ ಬೇವಿನ ಗಿಡಕ್ಕೂ ಏನು ಸಂಬಂಧ ಎಂದುಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ನನ್ನ ಮಾತು ಕೇಳಿ, ನೊಗಕ್ಕೆ ಹಗ್ಗ ಸುತ್ತುತ್ತಿದ್ದ ಬಸಲಿಂಗಪ್ಪ ಕೈ ನಿಲ್ಲಿಸಿದ.

"ಯಾರ ಕೇಳ್ಯಾರಂದಿ?"

"ನಮ್ಮ ಮುತ್ಯಾರಿ."

"ಅವನ ಬಾಯಿಲೆ ಅಂದಾನ?"

"ಹೌದ್ರಿ."

ಅವನು ಹಗ್ಗವನ್ನು ಪಕ್ಕಕ್ಕಿಟ್ಟ. ಚಂಚಿಗೆ ಕೈ ಹಾಕಲಿಲ್ಲ. ನಾಳೆ ಮುಂಜಾನೆ ತಾನೇ ತೆಗೆದುಕೊಂಡು ಬರುತ್ತೇನೆಂದು ಮುತ್ಯಾನಿಗೆ ತಿಳಿಸಲು ಹೇಳಿದ. ಅವನ ಹೆಂಡತಿ ಒಳಗಿನಿಂದ ಬಂದು ನನ್ನ ಗಲ್ಲ ಸವರಿ, ಕೈಗೆ ಬೆಲ್ಲ ಕೊಟ್ಟು, ಕಣ್ಣು ಒರೆಸಿಕೊಂಡಳು. ಒಂದು ಚಿಟಿಕೆ ತಂಬಾಕಿಗೆ ಇಷ್ಟೆಲ್ಲ ಯಾಕೆಂದು ತಿಳಿಯದೆ ದಾರಿಯಲ್ಲಿ ರಜಾಕನನ್ನು ಕೇಳಿದೆ. ಅವನು ಅವರಪ್ಪನ ಹೊಲಿಗೆಯಂಗಡಿಯಲ್ಲಿ ಕೂತು ಗಂಡಸರ ಮಾತು ಕೇಳಿ ಬೆಳೆದವನು. ನಾನು ಹೇಳಿದ್ದು ಕೇಳಿ ಅವನ ಮುಖ ಬಿಳಿಚಿತು. ಆಗಲೇ ಅವನು ಆ ಕಾಯಿದೆಯನ್ನು ನನಗೆ ಬಿಡಿಸಿ ಹೇಳಿದ್ದು. ನನ್ನ ಮುತ್ಯಾ ಸೋತೆನೆಂದು ಒಪ್ಪಿಕೊಂಡಂತಾಗಿತ್ತು, ಅದೂ ನನ್ನ ಬಾಯಿಯಿಂದ. ಮೇಲಾಗಿ ನಾಳೆ ಅವನು ಎಲ್ಲರೆದುರು ಕೂತು ತಂಬಾಕು ತಿನ್ನಲೇಬೇಕಿತ್ತು. ಬಿಡಿಸಲು ಹೊರಟವಳು ತಿನ್ನಿಸುವ ಮುಹೂರ್ತ ಇಟ್ಟು ಬಂದಿದ್ದೆ.

ಮನೆಯಲ್ಲಿ ಹೇಳುವ ಧೈರ್ಯವಾಗಲಿಲ್ಲ. ಮರುದಿನ ಹೊಟ್ಟೆನೋವೆಂದು ಸಾಲೆಗೂ ಹೋಗದೆ ಪಡಸಾಲೆಯ ಕಂಬಕ್ಕೆ ಅಂಟಿ ನಿಂತೆ. ಬಿಸಿಲೇರುವ ಹೊತ್ತಿಗೆ ಬಸಲಿಂಗಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದ. ಕೈಯಲ್ಲಿ ಹಿತ್ತಾಳೆಯ ತಾಟು, ತಾಟಿನಲ್ಲಿ ತಂಬಾಕಿನ ಎಲೆ. ಹಿಂದೆ ಅರ್ಧ ಓಣಿ. ಮುತ್ಯಾ ಜಮಖಾನೆಯ ಮೇಲಿದ್ದವನು ತಲೆಯೆತ್ತಿ ನೋಡಿದ. ಬಸಲಿಂಗಪ್ಪ ಎದುರು ಕೂತ.

"ಕೇಳಿ ಕಳಿಸಿದ್ಯಂತ, ತಂದೇನಿ. ಹನ್ನೆರಡ ವರ್ಷ ಆತು ಗುರುಪಾದ, ಇನ್ನ ಸಾಕ."

ಮುತ್ಯಾನ ಕಣ್ಣು ಪಡಸಾಲೆಯನ್ನೆಲ್ಲ ಸುತ್ತಿ ಕಂಬದ ಹತ್ತಿರ ಬಂದು ನನ್ನ ಮೇಲೆ ನಿಂತಿತು. ನಾನು ಕಾಲಿನ ಹೆಬ್ಬೆರಳು ನೋಡತೊಡಗಿದೆ. ಕೇಳಿಲ್ಲ ಎಂದು ಅವನು ಒಂದು ಮಾತು ಅಂದಿದ್ದರೆ ಮುಗಿದಿತ್ತು. ಅವನ ಮರ್ಯಾದೆ ಉಳಿಯುತ್ತಿತ್ತು, ನಾನು ಊರೆದುರು ಸುಳ್ಳಿಯಾಗುತ್ತಿದ್ದೆ, ತಾಟು ಹಿಡಿದು ಬಂದವನು ತಲೆ ತಗ್ಗಿಸಿ ಹೋಗಬೇಕಾಗುತ್ತಿತ್ತು.

"ಹೌದು," ಎಂದ ಮುತ್ಯಾ. "ನಾನ ಕಳಿಸಿದ್ದೆ."

ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೇಳದವನು ಹಾಗೆ ಅಂದದ್ದು ನನಗಾಗಿ.

ಬಸಲಿಂಗಪ್ಪ ಎಲೆ ಮುರಿದು, ಸುಣ್ಣ ಸವರಿ, ಅಂಗೈಯಲ್ಲಿ ಹಾಕಿ ತಿಕ್ಕಿದ. ಹೆಬ್ಬೆರಳಿನಿಂದ ಎರಡು ಪಾಲು ಮಾಡಿದ. ಅಂಗೈ ಮುಂದೆ ಬಂತು. ಮುತ್ಯಾ ಕೈ ಚಾಚಿದ. ಅಡುಗೆಮನೆಯ ಬಾಗಿಲಲ್ಲಿ ಆಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದಳು. ಊರ ಗಂಡಸರ ಕಾಯಿದೆಯಲ್ಲಿ ಆಕೆಗೆ ಮಾತಿಲ್ಲ. ನನಗೂ ಇರಲಿಲ್ಲ. ಆದರೂ ಕಂಬ ಬಿಟ್ಟು ನಡುವೆ ಬಂದೆ.

"ಮುತ್ಯಾ ಕೇಳಿಲ್ಲರಿ. ನಾನ ಸುಳ್ಳ ಹೇಳೇನ್ರಿ. ಅವನ ಬಾಯಾಗ ಕಲಿ ಆಗೇತ್ರಿ, ತಂಬಾಕ ತಿಂದ್ರ ಉಳಿಯೂದಿಲ್ಲಂತ ಡಾಕ್ಟರ ಹೇಳ್ಯಾರ್ರಿ."

ಇಷ್ಟು ಹೇಳಿ, ಸಂಘದ ಕಾರ್ಯದರ್ಶಿಗೆ ತಕ್ಕದ್ದಲ್ಲದ ರೀತಿಯಲ್ಲಿ, ಪರಕಾರದಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತೆ.

ಬಸಲಿಂಗಪ್ಪನ ಅಂಗೈ ಗಾಳಿಯಲ್ಲೇ ನಿಂತಿತ್ತು. ಅವನು ಎದ್ದು ಹೋಗಬಹುದಿತ್ತು. ಹೋಗಿದ್ದರೆ ಇನ್ನು ಹನ್ನೆರಡು ವರ್ಷ ಬರುತ್ತಿರಲಿಲ್ಲ. ಅವನು ಮುಂದೆ ಸರಿದು, ಬಾಯಿ ತೆಗೆ ಎಂದ. ಸಿಂದಗಿಯ ಡಾಕ್ಟರಿಗೆ ಹಲ್ಲು ತೋರಿಸಲೂ ತಕರಾರು ಮಾಡಿದ್ದ ಮುತ್ಯಾ ಅವನೆದುರು ಬಾಯಿ ತೆರೆದ. ಬಸಲಿಂಗಪ್ಪ ಅವನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಆ ಕಡೆ ಈ ಕಡೆ ಬಗ್ಗಿ ನೋಡಿದ. ನೋಡಿದ ಮೇಲೆ ಅವನ ದನಿ ತಗ್ಗಿತು.

"ಇದನ್ನ ಬಾಯಾಗ ಇಟ್ಕೊಂಡು ನನ್ನ ಮುಂದ ಕೈ ಚಾಚಿದೇನ?"

"ಹುಡುಗಿ ಮಾತ ಬೀಳಬಾರದಾಗಿತ್ತು," ಎಂದ ಮುತ್ಯಾ.

ಬಸಲಿಂಗಪ್ಪ ಅಂಗೈಯ ತಂಬಾಕನ್ನು ಅಂಗಳಕ್ಕೆ ಝಾಡಿಸಿದ. ತನ್ನ ಸೊಂಟದ ಚಂಚಿಯನ್ನೂ ಬಿಚ್ಚಿ ತಾಟಿನಲ್ಲಿಟ್ಟ. ಕರುಣೆಯ ಮಾತು ಬರುತ್ತದೆಂದು ನಾವು ಕಾದಿದ್ದರೆ, ಅವನ ಬಾಯಿಂದ ಬಂದದ್ದು ಹಳೆಯ ಜಗಳವೇ.

"ಕೇಳಿಲ್ಲಂದ ಮ್ಯಾಲ ನೀ ಸೋತಂಗ ಆಗಲಿಲ್ಲ. ಇಬ್ರೂ ಇವತ್ತಿಂದ ಬಿಡೂಣು. ಮೊದಲ ನೀ ತಿಂದ್ರ ಬೇವಿನ ಗಿಡ ನಂದು."

"ಮೊದಲ ನೀ ತಿಂದ್ರ?"

"ನಿಂದು."

ಮುತ್ಯಾ ಚಂಚಿ ಬಿಚ್ಚಿ ತಂಬಾಕಿನ ಖಾನೆಯನ್ನು ತಾಟಿನ ಮೇಲೆ ಕೊಡವಿದ. ಆಯಿ ಹುರಿದ ಶೇಂಗಾ, ಬೆಲ್ಲ ತಂದಿಟ್ಟಳು. ಇಬ್ಬರೂ ಅದನ್ನೇ ತಂಬಾಕಿನ ಗಾಂಭೀರ್ಯದಲ್ಲಿ ಬಾಯಿಗೆ ಹಾಕಿಕೊಂಡರು.

ನಮ್ಮ ನಕಾಶೆ, ಘೋಷಣೆ, ಭಾಷಣ, ಯಾವುದರಿಂದಲೂ ಆಗದ್ದು ಹಟದಿಂದ ಆಯಿತು. ಬಸಲಿಂಗಪ್ಪ ದಿನಾ ಮುಂಜಾನೆ ಬಂದು ಮುತ್ಯಾನ ಬಾಯಿ ಮೂಸುತ್ತಿದ್ದ, ಮುತ್ಯಾ ಸಂಜೆ ಹೋಗಿ ಅವನ ಬಾಯಿ ಮೂಸಿ ಬರುತ್ತಿದ್ದ. ಹನ್ನೆರಡು ವರ್ಷ ಮುಖ ನೋಡದವರು ದಿನಕ್ಕೆರಡು ಸಲ ಬಾಯಿ ನೋಡತೊಡಗಿದರು. ಮೊದಲಿನ ಹದಿನೈದು ದಿನ ಇಬ್ಬರ ಮನೆಯಲ್ಲೂ ಮಂದಿ ಉಸಿರು ಬಿಗಿಹಿಡಿದು ಓಡಾಡಿದರು. ಮುತ್ಯಾ ಚಹಾ ಬಿಸಿಯಿದ್ದರೆ ಬಿಸಿಯೆಂದು, ಆರಿದ್ದರೆ ಆರಿತೆಂದು ಸಿಡುಕುತ್ತಿದ್ದ. ಆಕಳು ಅಂಬಾ ಅಂದದ್ದಕ್ಕೂ ಸಿಟ್ಟಾದ. ಬಾಯಿ ಖಾಲಿ ಇರಲಾರದೆಂದು ಜೋಳ ಹುರಿದು ಖಾನೆಗೆ ತುಂಬಿಕೊಟ್ಟೆ. ರೂಢಿಯಂತೆ ಊರವರು ಚಂಚಿಗೆ ಕೈ ಹಾಕಿ, ಹುರಿದ ಜೋಳ ಸಿಕ್ಕು, ಅದನ್ನೇ ತಿಂದು ಹೋಗುತ್ತಿದ್ದರು.

ಒಮ್ಮೆ ಜಾರುವುದರಲ್ಲಿದ್ದರಂತೆ. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನನ್ನ ಲಗ್ನದಲ್ಲಿ, ಬಸಲಿಂಗಪ್ಪನ ಬಾಯಿಯಿಂದಲೇ. ಒಂದು ಮಟಮಟ ಮಧ್ಯಾಹ್ನ ಅವನು ಯಾರಿಗೂ ಕಾಣದಂತೆ ರುಮಾಲಿನ ಮಡಿಕೆಯಲ್ಲಿ ಒಂದು ಚಿಟಿಕೆ ಇಟ್ಟುಕೊಂಡು ಬದುವಿಗೆ ಹೋದ. ಬೇವಿನ ಗಿಡದ ಈಚೆ ಇವನು ಅದನ್ನು ಮುಷ್ಟಿಗೆ ತೆಗೆದುಕೊಂಡು ಕೂತರೆ, ಆಚೆ ಯಾರೋ ಕೆಮ್ಮಿದರು. ನೋಡಿದರೆ ಮುತ್ಯಾ, ಅವನ ಮುಷ್ಟಿಯೂ ಬಿಗಿದಿತ್ತು. ಬದು ಒಡೆದಿದೆಯೇನೋ ನೋಡಲು ಬಂದೆ ಎಂದ ಇವನು. ತಾನೂ ಅದಕ್ಕೇ ಬಂದೆ ಎಂದ ಮುತ್ಯಾ. ಇಬ್ಬರೂ ಸುಡುಬಿಸಿಲಿನಲ್ಲಿ ಇಡೀ ಬದುವನ್ನು ಒಂದು ಸುತ್ತು ಹಾಕಿ ನೋಡಿದರಂತೆ. ಸುತ್ತು ಮುಗಿಯುವಷ್ಟರಲ್ಲಿ ಇಬ್ಬರ ಮುಷ್ಟಿಯೂ ಸಡಿಲಾಗಿ ಖಾಲಿಯಾಗಿತ್ತು.

ಪರೀಕ್ಷೆಗೆ ಮೊದಲು ಮಾಸ್ತರರು ಚೀಟಿಗಳನ್ನು ಒಡೆದರು. ಹೆಚ್ಚಿನವರ ಕೆಲಸ ಆಗಿರಲಿಲ್ಲ. ನನ್ನ ಚೀಟಿ ಬಂದಾಗ, ಬರೆದದ್ದು ಒಂದು ಹೆಸರು, ಬಿಟ್ಟವರು ಇಬ್ಬರು ಎಂದು ಚಪ್ಪಾಳೆ ಬಿತ್ತು. ಕೊನೆಗೆ ರಜಾಕನ ಚೀಟಿ ಬಿಡಿಸಿದ ಮಾಸ್ತರರು ಓದಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅದರಲ್ಲಿ ಅವರದೇ ಹೆಸರಿತ್ತು. ನಮಗೆ ನಗು ತಡೆಯಲಾಗಲಿಲ್ಲ. ಮಾಸ್ತರರು ದೊಡ್ಡವರು, ತಾವೂ ನಕ್ಕು ತಪಕೀರಿನ ಡಬ್ಬಿಯನ್ನು ರಜಾಕನ ಕೈಗಿತ್ತರು. ಮೂರನೆಯ ದಿನ ವರಾಂಡದ ಮೂಲೆಗೆ ಅವನನ್ನು ಕರೆದು, ಒಂದೇ ಚಿಟಿಕೆ ಎಂದರಂತೆ. ಕೇಳಿದರೆ ಇಲ್ಲ ಎನ್ನಲಾಗದು ಎಂದು ಗೊತ್ತಿದ್ದ ರಜಾಕ ಡಬ್ಬಿಯ ತಪಕೀರನ್ನು ಕೊಟ್ಟ ದಿನವೇ ಕಪಾಟಿನ ತಂಬಾಕಿನ ಜೊತೆ ನೀರಿಗೆ ಹಾಕಿಬಿಟ್ಟಿದ್ದ. ಆ ನೀರನ್ನು ಸಾಲೆಯ ತೋಟದ ಬದನೆ ಗಿಡಗಳ ಹೇನಿಗೆ ಚಿಮುಕಿಸಿ ಎಂದು ಹೇಳಿಕೊಟ್ಟವರೇ ಮಾಸ್ತರರು. ಆ ಸಲ ಬದನೆಕಾಯಿ ಬಹಳ ಚೆನ್ನಾಗಿ ಬಂದವು.

ಹೊಸ ಮಳೆಗಾಲ ಬರುವ ಹೊತ್ತಿಗೆ ಅಪ್ಪ ಮುತ್ಯಾನನ್ನು ಮತ್ತೆ ಸಿಂದಗಿಗೆ ಕರೆದೊಯ್ದ. ಬಸಲಿಂಗಪ್ಪನೂ ಬಸ್ಸು ಹತ್ತಿದ. ಡಾಕ್ಟರು ಸುಳ್ಳು ಹೇಳಿದರೆ ಗೊತ್ತಾಗಬೇಕೆಂದು ಅವನ ವಾದ. ಕಲೆ ಹೋಗಿದೆ, ಇನ್ನು ಹೆದರಿಕೆಯಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮೂವರೂ ಒಟ್ಟಿಗೆ ಹೇಳಲು ಹೋಗಿ ಆಯಿಗೆ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಆಕೆ ಹೋಗಿ ಒರಳು ನೆಟ್ಟಗೆ ಮಾಡಿದಳು. ಒಂದು ವರ್ಷದ ಮೇಲೆ ನಮ್ಮ ಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟುವ ಸಪ್ಪಳ ಕೇಳಿತು. ಬೆಳ್ಳುಳ್ಳಿ, ಕೆಂಪು ಖಾರದ ಘಾಟಿಗೆ ನಾವೆಲ್ಲ ಸೀನಿದೆವು. ನಾನಂತೂ ಸಂತೋಷದಿಂದ ಸೀನಿದೆ.

ಊಟಕ್ಕೆ ಕೂರುವ ಮೊದಲು ಮುತ್ಯಾ ನನ್ನನ್ನು ಕರೆದು ಚಂಚಿಯನ್ನು ಕೈಗಿಟ್ಟ. ಸೀಸಕಡ್ಡಿ ಇಟ್ಟುಕೋ, ಇನ್ನು ಮೇಲೆ ತನ್ನ ಹೆಸರಿನಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಬೇಡ ಎಂದ. ಇಡೀ ಪ್ರಕರಣಕ್ಕೆ ಅವನು ನನಗೆ ಬೈದದ್ದು ಇಷ್ಟೇ. ಬೇವಿನ ಗಿಡ ಇನ್ನೂ ಇದೆ. ಇಬ್ಬರೂ ಕೊನೆಯವರೆಗೆ ತಂಬಾಕು ಮುಟ್ಟದ್ದರಿಂದ ಅದು ಯಾರದೆಂದು ಇಂದಿಗೂ ಇತ್ಯರ್ಥವಾಗಿಲ್ಲ.

ಆಯಿ ತಟ್ಟೆಯ ಅಂಚಿಗೆ ಅಂಜುತ್ತ ಸ್ವಲ್ಪವೇ ಸ್ವಲ್ಪ ಹಿಂಡಿ ಹಾಕಿ, ಮೇಲೆ ಎಣ್ಣೆ ಬಿಟ್ಟಳು. ಮುತ್ಯಾ ಕಡಕ್ ರೊಟ್ಟಿಯನ್ನು ಮುರಿದ. ಹಿಂಡಿ ಹಚ್ಚಿ ಬಾಯಿಗಿಟ್ಟ. ನಾವು ಯಾರೂ ನಮ್ಮ ತಟ್ಟೆ ಮುಟ್ಟದೆ ಅವನ ಮುಖ ನೋಡುತ್ತಿದ್ದೆವು. ಅವನು ಕಣ್ಣು ಮುಚ್ಚಲಿಲ್ಲ. ಕಟಕಟ ಅಗಿದು ನುಂಗಿದ, ಇನ್ನೊಂದು ತುತ್ತು ತಿಂದ, ತಟ್ಟೆಯ ಹಿಂಡಿ ಮುಗಿಸಿದ. ಆಮೇಲೆ ಸುಮ್ಮನೆ ಕೂತ. ಆಯಿ ನನ್ನ ಕಡೆ ನೋಡಿ ನಗುತ್ತಿದ್ದಳು, ತಟ್ಟೆ ಖಾಲಿಯಾದದ್ದನ್ನು ಕಾಣಲಿಲ್ಲ. ಮುತ್ಯಾ ಒಂದು ಗಳಿಗೆ ಕಾದ. ಇನ್ನೇನು ಕೈ ತೊಳೆದು ಏಳುತ್ತಾನೆ ಎಂದುಕೊಂಡೆ. ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಆಯಿಯ ಮುಂದೆ ಚಾಚಿದ.

"ಇನ್ನೊಂದ್ ಚಿಟಿಕಿ ಹಾಕ."

ಆಯಿಯ ಕೈಯಲ್ಲಿದ್ದ ಸೌಟು ನಿಂತಿತು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಈ ಸಲದ ಮೆಣಸಿನಕಾಯಿ ಬಹಳ ಘಾಟು ಎಂದು ಯಾರಿಗೋ ಹೇಳುತ್ತ, ಡಬ್ಬಿಯ ಹಿಂಡಿಯನ್ನೆಲ್ಲ ಅವನ ತಟ್ಟೆಗೆ ಸುರಿದಳು.